ಒಂದರ ಜಾಗಕ್ಕೆ ಇನ್ನೊಂದು: ಬದಲಿ ಯಾವಾಗ ಕೂರತ್ತೆ, ಯಾವಾಗ ಕೂರಲ್ಲ

ಪ್ರಶ್ನೆ: ಸರ್, ಲೆಕ್ಕದಲ್ಲಿ ಸಬ್‌ಸ್ಟಿಟ್ಯೂಷನ್ ಮೆಥಡ್ ಅಂತಾರೆ, ಕೆಮಿಸ್ಟ್ರಿಲಿ ಸಬ್‌ಸ್ಟಿಟ್ಯೂಷನ್ ರಿಯಾಕ್ಷನ್, ಎಕನಾಮಿಕ್ಸ್‌ನಲ್ಲಿ ಸಬ್‌ಸ್ಟಿಟ್ಯೂಟ್ ಗೂಡ್ಸ್, ಆಟದಲ್ಲಿ ಸಬ್‌ಸ್ಟಿಟ್ಯೂಟ್ ಪ್ಲೇಯರ್, ಔಷಧಿ ವಿಷಯದಲ್ಲೂ ಅದೇ ಮಾತು. ಇದೆಲ್ಲ ಒಂದೇ ಐಡಿಯಾನಾ ಅಥವಾ ಹೆಸರು ಮಾತ್ರ ಒಂದಾ? ಇನ್ನೊಂದು, ಕೆಲಸದ ಕಡೆ "ಯಾರೂ ಅನಿವಾರ್ಯ ಅಲ್ಲ, ನೀನಿಲ್ದಿದ್ರೆ ಇನ್ನೊಬ್ಬ ಬರ್ತಾನೆ" ಅಂತಾರಲ್ಲ, ಅದು ನಿಜಾನಾ?

ಉತ್ತರ:

ನಿಮ್ಮ ಕೊನೇ ಸಾಲು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಅದನ್ನ ಯಾರೋ ನಿಮಗೆ ನೇರವಾಗಿ ಹೇಳಿದಾರೆ ಅನ್ಸತ್ತೆ. ಅದಕ್ಕೆ ಕೊನೇಲಿ ಬರ್ತೀನಿ, ಮರೆಯಲ್ಲ. ನಾನು ಗಣಿತದ ಮೇಷ್ಟ್ರು, ಮೂವತ್ತು ವರ್ಷದ ಹತ್ರ ಬಂತು ಪಾಠ ಮಾಡೋಕೆ ಶುರು ಮಾಡಿ, ಅದಕ್ಕೇ ಸ್ವಲ್ಪ ಸುತ್ತಿ ಬಳಸಿ ಹೇಳಿದ್ರೆ ತಾಳ್ಮೆ ಇರ್ಲಿ.

ಮೊದಲ ಪ್ರಶ್ನೆಗೆ ಒಂದೇ ಮಾತಲ್ಲಿ ಹೇಳೋದಾದ್ರೆ, ಹೌದು, ಒಂದೇ ಐಡಿಯಾ. ಒಂದು ಜಾಗ ಇದೆ, ಅಲ್ಲಿ ಕೂತಿದ್ದು ಎದ್ದುಹೋಗತ್ತೆ, ಇನ್ನೊಂದು ಬಂದು ಕೂರತ್ತೆ, ಜಾಗ ಮಾತ್ರ ಹಾಗೇ ಉಳಿಯತ್ತೆ. ತೊಂದರೆ ಬರೋದು ಎಲ್ಲಿ ಅಂದ್ರೆ, ಎದ್ದುಹೋಗಿದ್ದು ಆ ಜಾಗದಲ್ಲಿ ಕೂತು ಎಷ್ಟು ಕೆಲಸ ಮಾಡ್ತಿತ್ತು ಅನ್ನೋದು ನಮಗೆ ಪೂರ್ತಿ ಗೊತ್ತಿರಲ್ಲ. ನಾವು ಒಂದು ಕೆಲಸ ಬರ್ಕೊಂಡು ಅದಕ್ಕೆ ಬದಲಿ ಹುಡುಕ್ತೀವಿ, ಅದು ಸದ್ದಿಲ್ಲದೆ ನಾಲ್ಕು ಕೆಲಸ ಮಾಡ್ತಾ ಇರತ್ತೆ.

ಇದನ್ನ ಕನ್ನಡ ವ್ಯಾಕರಣದಿಂದಲೇ ನೋಡೋಣ, ಯಾಕಂದ್ರೆ ಬದಲಿ ಅನ್ನೋದನ್ನ ಹೆಸರಿಟ್ಟು ನಮಗೆ ಕಲಿಸಿದ್ದೇ ಆದೇಶ ಸಂಧಿ. ಮಳೆ ಕಾಲ ಸೇರಿ ಮಳೆಗಾಲ, ಬೆಟ್ಟ ತಾವರೆ ಸೇರಿ ಬೆಟ್ಟದಾವರೆ, ಕಣ್ ಪನಿ ಸೇರಿ ಕಂಬನಿ. ಕ ಹೋಗಿ ಗ, ತ ಹೋಗಿ ದ, ಪ ಹೋಗಿ ಬ. ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡು ಮರೆತುಬಿಡ್ತೀವಿ, ಆದ್ರೆ ಒಂದ್ಸಲ ನಿಧಾನವಾಗಿ ಬಾಯಲ್ಲಿ ಹೇಳಿ ನೋಡಿ. ಕ, ಗ ಎರಡೂ ಗಂಟಲ ಹತ್ರ ಹುಟ್ಟತ್ವೆ, ತ, ದ ಎರಡಕ್ಕೂ ನಾಲಿಗೆ ಹಲ್ಲಿಗೆ ತಾಗತ್ತೆ, ಪ, ಬ ಎರಡೂ ತುಟಿಲೇ. ಅಂದ್ರೆ ಕ ಖಾಲಿ ಮಾಡಿದ ಜಾಗಕ್ಕೆ ಅದೇ ಮನೆಯ ಗ ಬರತ್ತೇ ಹೊರತು ಪಕ್ಕದ ಮನೆಯ ದ ಬರಲ್ಲ. ಸಂಸ್ಕೃತಕ್ಕೆ ವ್ಯಾಕರಣ ಬರೆದ ಪಾಣಿನಿ ಎರಡು ಸಾವಿರ ವರ್ಷಕ್ಕೂ ಹಿಂದೆ ಇದನ್ನ ಒಂದೇ ಉಸಿರಲ್ಲಿ ಸೂತ್ರ ಮಾಡಿಟ್ಟಿದಾನೆ, ಸ್ಥಾನೇಽನ್ತರತಮಃ, ಅಂದ್ರೆ ಆ ಜಾಗಕ್ಕೆ ಇರೋದ್ರಲ್ಲಿ ತೀರಾ ಹತ್ತಿರದ್ದು ಬರ್ಲಿ ಅಂತ.

ಆತನದೇ ಇನ್ನೊಂದು ಸೂತ್ರ ಇದೆ, ಸ್ಥಾನಿವದಾದೇಶೋಽನಲ್ವಿಧೌ. ಮೊದಲಿದ್ದದ್ದು ಸ್ಥಾನಿ, ಬಂದದ್ದು ಆದೇಶ. ಸ್ಥಾನಿಗೆ ಇದ್ದ ಹಕ್ಕು, ಹೊಣೆ ಎಲ್ಲ ಆದೇಶಕ್ಕೂ ಬರತ್ತೆ, ಆದ್ರೆ ಆ ಅಕ್ಷರದ ಸ್ವಂತ ರೂಪವನ್ನೇ ಹಿಡಿದು ಹೇಳಿದ ನಿಯಮ ಇದ್ರೆ ಅಲ್ಲಿ ಬರಲ್ಲ. ಪಾಣಿನಿಯ ಸೂತ್ರಗಳನ್ನ ವಿವರಿಸಿ ಬರೆದ ಮಹಾಭಾಷ್ಯದಲ್ಲಿ ಪತಂಜಲಿ ಇದಕ್ಕೆ ಕೊಡೋ ಹೋಲಿಕೆ ನನಗೆ ತುಂಬ ಇಷ್ಟ. ಗುರುಪುತ್ರನ ಜೊತೆ ಗುರುವಿನ ಜೊತೆ ನಡ್ಕೊಂಡ ಹಾಗೇ ನಡ್ಕೋಬೇಕು, ಆದ್ರೆ ಎಂಜಲು ಉಣ್ಣೋದು, ಕಾಲು ಹಿಡಿಯೋದು ಇವೆರಡನ್ನ ಬಿಟ್ಟು! ಅಂದ್ರೆ ಜಾಗಕ್ಕೆ ಸೇರಿದ್ದೆಲ್ಲ ಬದಲಿಗೆ ಬರತ್ತೆ, ಆ ವ್ಯಕ್ತಿಗೇ ಸೇರಿದ್ದು ಬರಲ್ಲ. ನೀವು ಕೇಳಿದ ಎಲ್ಲಾ ಫೀಲ್ಡಿನ ಉತ್ತರಾನೂ ಈ ಒಂದು "ಬಿಟ್ಟು" ಅನ್ನೋ ಪದದಲ್ಲಿದೆ. ಯಾವುದನ್ನ ಬಿಟ್ಟು ಅಂತ ಗೊತ್ತಿದ್ರೆ ಬದಲಿ ಕೂರತ್ತೆ, ಗೊತ್ತಿಲ್ದಿದ್ರೆ ಕಷ್ಟ.

ಈಗ ನನ್ನ ಸಬ್ಜೆಕ್ಟಿಗೆ ಬರ್ತೀನಿ. ಲೆಕ್ಕದಲ್ಲಿ ಬದಲಿ ಅನ್ನೋದು ತುಂಬ ಶುದ್ಧ, ಸಮ ಅಂದ್ರೆ ಸಮ, ಒಂದರ ಜಾಗಕ್ಕೆ ಇನ್ನೊಂದನ್ನ ಕಣ್ಣು ಮುಚ್ಚಿ ಹಾಕಬಹುದು. ಅಷ್ಟು ಸುಲಭ ಇದ್ರೂ ಮಕ್ಕಳು ಎಲ್ಲಿ ಎಡವ್ತಾರೆ ಗೊತ್ತಾ, ಅರ್ಧ ಬದಲಿ ಮಾಡೋದ್ರಲ್ಲಿ. ಒಂದು ಇಂಟಿಗ್ರಲ್ ತಗೊಳ್ಳಿ. 2ಎಕ್ಸ್ ಇಂಟು (ಎಕ್ಸ್ ಸ್ಕ್ವೇರ್ ಪ್ಲಸ್ 1) ಹೋಲ್ ಕ್ಯೂಬ್, ಲಿಮಿಟ್ 0 ಇಂದ 2ರ ತನಕ. ಎಕ್ಸ್ ಸ್ಕ್ವೇರ್ ಪ್ಲಸ್ 1 ಅನ್ನೋದನ್ನ ಯು ಅಂತ ಕರೀರಿ ಅಂತೀನಿ, ಮಕ್ಕಳು ಕರೀತಾರೆ. 2ಎಕ್ಸ್ ಡಿಎಕ್ಸ್ ಹೋಗಿ ಡಿಯು ಆಗತ್ತೆ, ಅದನ್ನೂ ಮಾಡ್ತಾರೆ. ಯು ಕ್ಯೂಬ್ ಇಂಟಿಗ್ರೇಟ್ ಮಾಡಿದ್ರೆ ಯು ಪವರ್ 4 ಬೈ 4, ಅದೂ ಬಂತು. ಆಮೇಲೆ ಹಳೇ ಲಿಮಿಟ್ಸ್ 0 ಮತ್ತೆ 2 ಹಾಕಿಬಿಡ್ತಾರೆ, 16 ಬೈ 4, ಉತ್ತರ 4 ಅಂತ ಅಡಿಗೆ ಗೆರೆ ಎಳೆದು ಪೆನ್ ಕೆಳಗಿಡ್ತಾರೆ. ಆದ್ರೆ ಆ 0 ಮತ್ತೆ 2 ಎಕ್ಸ್‌ನ ಮನೆ ಬಾಗಿಲು, ಯು ಆ ಮನೇಲಿಲ್ಲ. ಎಕ್ಸ್ 0 ಇದ್ದಾಗ ಯು 1, ಎಕ್ಸ್ 2 ಇದ್ದಾಗ ಯು 5. 625ರಲ್ಲಿ 1 ಕಳೆದು 4ರಿಂದ ಭಾಗಿಸಿದ್ರೆ ಸರಿಯಾದ ಉತ್ತರ 156. ನಾಲ್ಕಕ್ಕೂ ನೂರೈವತ್ತಾರಕ್ಕೂ ಇರೋ ದೂರ ನೋಡಿ, ಒಳಗಿರೋದನ್ನ ಬದಲಾಯಿಸಿ ಸುತ್ತ ಇರೋದನ್ನ ಹಾಗೇ ಬಿಟ್ಟದ್ದಕ್ಕೆ ಇಷ್ಟು. ಬೋರ್ಡ್ ಮೇಲೆ ಎರಡೂ ಉತ್ತರ ಅಕ್ಕಪಕ್ಕ ಬರೆದು ಒಂದು ನಿಮಿಷ ಸುಮ್ನೆ ನಿಲ್ತೀನಿ ನಾನು, ಆ ಒಂದು ನಿಮಿಷ ಹತ್ತು ಎಕ್ಸಾಂಪಲ್‌ಗಿಂತ ಚೆನ್ನಾಗಿ ಕಲಿಸತ್ತೆ.

ಸಮ ಅಂದ್ರೆ ಸಮ ಅಂದೆನಲ್ಲ, ಅದೂ ಮನುಷ್ಯರ ಮನಸ್ಸಿನ ಒಳಗೆ ಹೋದ ತಕ್ಷಣ ಕೆಟ್ಟುಹೋಗತ್ತೆ. ಬೆಳಗಿನ ಚುಕ್ಕಿ, ಸಂಜೆ ಚುಕ್ಕಿ ಎರಡೂ ಶುಕ್ರ ಗ್ರಹವೇ. ಹಾಗಿದ್ರೆ "ಬೆಳಗಿನ ಚುಕ್ಕಿ ಅಂದ್ರೆ ಬೆಳಗಿನ ಚುಕ್ಕಿ ಅಂತ ಆ ಮಗುವಿಗೆ ಗೊತ್ತು" ಅನ್ನೋ ವಾಕ್ಯದಲ್ಲಿ ಒಂದು ಕಡೆ ಸಂಜೆ ಚುಕ್ಕಿ ಹಾಕಿ ನೋಡಿ. ಮೊದಲಿನದು ನಿಜ, ಎರಡನೇದು ಸುಳ್ಳಾಗಬಹುದು, ಯಾಕಂದ್ರೆ ಎರಡೂ ಒಂದೇ ಅಂತ ಮಗುವಿಗೆ ಯಾರೂ ಹೇಳಿಲ್ಲ. ಗಾಟ್ಲೋಬ್ ಫ್ರೇಗೆ ಅನ್ನೋ ಜರ್ಮನ್ ಗಣಿತಜ್ಞ 1892ರಲ್ಲಿ ಇದೇ ಚುಕ್ಕಿ ಹಿಡ್ಕೊಂಡು ಹೆಸರು ತೋರಿಸೋ ವಸ್ತು ಬೇರೆ, ಆ ಹೆಸರಿನ ಅರ್ಥ ಬೇರೆ ಅಂತ ತೋರಿಸಿದ.

ಈಗ ವಸ್ತುಗಳಿಗೆ ಬನ್ನಿ. ಅಲ್ಯೂಮಿನಿಯಂ ತಂತಿ ತಗೊಳ್ಳಿ. ಒಂದೇ ದಪ್ಪದ ತಂತಿ ಹೋಲಿಸಿದ್ರೆ ತಾಮ್ರ ಕರೆಂಟ್ ಸಾಗಿಸೋದ್ರಲ್ಲಿ ಸುಮಾರು 61 ಪರ್ಸೆಂಟ್ ಅಲ್ಯೂಮಿನಿಯಂ ಸಾಗಿಸತ್ತೆ, ಆದ್ರೆ ತೂಕ ತಾಮ್ರದ ಮೂರನೇ ಒಂದು ಭಾಗಕ್ಕಿಂತ ಕಮ್ಮಿ. ಹಾಗಾಗಿ ಸ್ವಲ್ಪ ದಪ್ಪ ಮಾಡಿದ್ರೆ ಅಷ್ಟೇ ಕರೆಂಟು, ಅರ್ಧ ತೂಕ. ದೊಡ್ಡ ಟವರ್‌ಗಳ ಮೇಲೆ ಹಾಯೋ ಲೈನುಗಳೆಲ್ಲ ಇದೇ, ಅಲ್ಲಿ ಇದು ತಾಮ್ರಕ್ಕಿಂತ ಒಳ್ಳೆ ಆಯ್ಕೆ, ಬದಲಿ ಅಂತ ಕರೆಯೋದೂ ತಪ್ಪು. ಅದೇ ಅಲ್ಯೂಮಿನಿಯಂ ಅನ್ನ 1960ರ ದಶಕದ ನಡುವಿಂದ 70ರ ದಶಕದ ಶುರು ತನಕ ಅಮೆರಿಕದಲ್ಲಿ ಮನೆಗಳ ಒಳಗಿನ ವೈರಿಂಗಿಗೆ ಹಾಕಿದ್ರು, ತಾಮ್ರದ ರೇಟು ಏರಿತ್ತು ಅಂತ. ಕರೆಂಟ್ ಚೆನ್ನಾಗೇ ಹರೀತು. ಆದ್ರೆ ತಾಮ್ರ ಇನ್ನೊಂದು ಕೆಲಸ ಮಾಡ್ತಿತ್ತು, ಸ್ಕ್ರೂ ಕೆಳಗೆ ಗಟ್ಟಿಯಾಗಿ ಕೂತಿರೋದು, ಅದನ್ನ ಯಾರೂ ಕೆಲಸ ಅಂತ ಲೆಕ್ಕಕ್ಕೇ ಹಿಡಿದಿರಲಿಲ್ಲ. ಅಲ್ಯೂಮಿನಿಯಂ ಬಿಸಿಯಾದಾಗ ಹೆಚ್ಚು ಹಿಗ್ಗತ್ತೆ, ತಣ್ಣಗಾದಾಗ ಕುಗ್ಗತ್ತೆ, ಒತ್ತಡಕ್ಕೆ ನಿಧಾನವಾಗಿ ಜರುಗತ್ತೆ, ಮೇಲೆ ಕರೆಂಟ್ ಹಾಯಿಸದ ಆಕ್ಸೈಡ್ ಪದರ ಬೇರೆ ಕಟ್ಟತ್ತೆ. ವರ್ಷಗಟ್ಟಲೆ ಹೀಗೇ ಆಗಿ ಸ್ವಿಚ್ಚು, ಸಾಕೆಟ್ಟಿನ ಜಾಯಿಂಟುಗಳು ಸಡಿಲ ಆಗಿ, ಕಾದು, ಕೆಲವು ಮನೆಗಳಿಗೆ ಬೆಂಕಿ ಹತ್ತಿತು. ಉದ್ದಕ್ಕೂ ತಂತಿ ಸರಿಯಾಗೇ ಇತ್ತು, ತುದೀಲಿ ಮಾತ್ರ ಕೆಡ್ತು.

ಔಷಧಿದು ಇದಕ್ಕಿಂತ ಸೂಕ್ಷ್ಮ, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಫಿನಿಟಾಯಿನ್ ಅಂತ ಮೂರ್ಛೆರೋಗದ ಮಾತ್ರೆ. 1960ರ ದಶಕದ ಕೊನೇಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ವರ್ಷಗಳಿಂದ ಈ ಔಷಧಿ ತಗೋತಿದ್ದ ಜನಕ್ಕೆ ಇದ್ದಕ್ಕಿದ್ದ ಹಾಗೆ ತೂರಾಟ, ಮಂಪರು, ಕಣ್ಣು ಮಂಜು ಶುರುವಾಯ್ತು. ಡೋಸ್ ಯಾರೂ ಹೆಚ್ಚಿಸಿರಲಿಲ್ಲ, ಕ್ಯಾಪ್ಸೂಲ್ ಒಳಗಿನ ಔಷಧಿ ಅಷ್ಟೇ ಮಿಲಿಗ್ರಾಂ. ಹುಡುಕಿದಾಗ ಸಿಕ್ಕಿದ್ದು ಏನು ಅಂದ್ರೆ ಕ್ಯಾಪ್ಸೂಲ್ ತುಂಬಿಸೋಕೆ ಹಾಕೋ ಪುಡಿ ಬದಲಾಗಿತ್ತು, ಕ್ಯಾಲ್ಸಿಯಂ ಸಲ್ಫೇಟ್ ಇದ್ದ ಕಡೆ ಲ್ಯಾಕ್ಟೋಸ್. ಆ ಪುಡಿಗೆ ಜಾಗ ತುಂಬೋದು ಬಿಟ್ಟು ಬೇರೆ ಕೆಲಸವೇ ಇಲ್ಲ ಅಂತ ಎಲ್ಲರೂ ತಿಳ್ಕೊಂಡಿದ್ರು. ಅದು ಸುಮ್ನೆ ಇರಲಿಲ್ಲ, ಫಿನಿಟಾಯಿನ್‌ನ ಒಂದು ಪಾಲನ್ನ ಹಿಡ್ಕೊಂಡು ರಕ್ತಕ್ಕೆ ಸೇರದ ಹಾಗೆ ತಡೀತಿತ್ತು, ಡಾಕ್ಟರುಗಳು ಡೋಸ್ ನಿಗದಿ ಮಾಡಿದ್ದೂ ಆ ತಡೆ ಸೇರಿಸೇ, ಅವರಿಗೇ ಗೊತ್ತಿಲ್ದೆ. ಲ್ಯಾಕ್ಟೋಸ್ ಬಂದ ಮೇಲೆ ತಡೆ ಹೋಯ್ತು, ಅದೇ ಮಾತ್ರೆ ವಿಷದ ಮಟ್ಟಕ್ಕೆ ಏರಿತು. ಅದಕ್ಕೇ ಜೆನೆರಿಕ್ ಔಷಧಿ, ಅಂದ್ರೆ ಮೂಲ ಬ್ರ್ಯಾಂಡಿನ ಬದಲು ಬೇರೆ ಕಂಪನಿ ಮಾಡೋ ಅದೇ ಔಷಧಿ ಬಗ್ಗೆ ಕೇಳಿದವರಿಗೆ ನಾನು ಹೇಳೋದಿಷ್ಟು: ಜೆನೆರಿಕ್‌ಗೆ ಹೆದರಬೇಡಿ, ಔಷಧಿ ರಕ್ತದಲ್ಲಿ ಎಷ್ಟು, ಎಷ್ಟು ಬೇಗ ಸೇರತ್ತೆ ಅಂತ ಮೂಲ ಔಷಧಿ ಜೊತೆ ಹೋಲಿಸಿ ನೋಡೋ ಕ್ರಮ ಇದೆ, ಹೆಚ್ಚಿನ ಔಷಧಿಗೆ ಅದು ಸಾಕು. ಆದ್ರೆ ಫಿನಿಟಾಯಿನ್, ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ವಾರ್ಫರಿನ್, ಥೈರಾಯ್ಡ್‌ಗೆ ಕೊಡೋ ಲೆವೋಥೈರಾಕ್ಸಿನ್, ಇಂಥವಕ್ಕೆ ಗುಣ ಮಾಡೋ ಅಳತೆಗೂ ಹಾನಿ ಮಾಡೋ ಅಳತೆಗೂ ನಡುವೆ ಕಿರುದಾರಿ ಮಾತ್ರ ಇರತ್ತೆ, ಅಲ್ಲಿ ಡಾಕ್ಟರಿಗೆ ಹೇಳದೆ ಬ್ರ್ಯಾಂಡ್ ಬದಲಾಯಿಸ್ಬೇಡಿ.

ನಮ್ಮ ದೇಹದೊಳಗೂ ಇದೇ ಆಟ ನಡೀತಾನೇ ಇರತ್ತೆ. ಡಿಎನ್‌ಎಲಿ ಜಿಎಜಿ ಅನ್ನೋ ಮೂರಕ್ಷರ ಜಿಎಎ ಆದ್ರೆ ಏನೂ ಆಗಲ್ಲ, ಎರಡಕ್ಕೂ ಅರ್ಥ ಗ್ಲುಟಾಮಿಕ್ ಆಸಿಡ್ಡೇ, ಪ್ರೋಟೀನ್ ಸರಪಳಿಯ ಒಂದು ಥರದ ಕೊಂಡಿ ಅದು. ಅದೇ ಜಿಎಜಿ ರಕ್ತದಲ್ಲಿ ಆಕ್ಸಿಜನ್ ಹೊರೋ ಹೀಮೋಗ್ಲೋಬಿನ್‌ನ ಬೀಟಾ ಸರಪಳಿಯ ಆರನೇ ಕೊಂಡಿಗೆ ಸೇರಿದ್ದಾಗಿದ್ದು, ಅದರ ನಡುವಿನ ಅಕ್ಷರ ಬದಲಾಗಿ ಜಿಟಿಜಿ ಆದ್ರೆ ಗ್ಲುಟಾಮಿಕ್ ಆಸಿಡ್ ಜಾಗಕ್ಕೆ ವ್ಯಾಲೀನ್ ಅನ್ನೋ ಬೇರೆ ಕೊಂಡಿ ಬಂದು ಕೂರತ್ತೆ. 146 ಕೊಂಡಿಲಿ ಒಂದೇ ಒಂದು! ಗ್ಲುಟಾಮಿಕ್ ಆಸಿಡ್ ನೀರಿನ ಜೊತೆ ಸ್ನೇಹವಾಗಿರತ್ತೆ, ವ್ಯಾಲೀನ್ ನೀರಿಗೆ ಬೆನ್ನು ತಿರುಗಿಸಿ ಪಕ್ಕದ ಹೀಮೋಗ್ಲೋಬಿನ್‌ಗೆ ಅಂಟ್ಕೊಳತ್ತೆ, ಆಕ್ಸಿಜನ್ ಬಿಟ್ಟುಕೊಟ್ಟ ತಕ್ಷಣ ಸಾಲಾಗಿ ಅಂಟಿ ಕಡ್ಡಿ ಕಡ್ಡಿ ಆಗಿ ರಕ್ತಕಣಾನೇ ಕುಡುಗೋಲಿನ ಹಾಗೆ ಬಾಗಿಸಿಬಿಡತ್ತೆ. ಸಿಕಲ್ ಸೆಲ್ ಕಾಯಿಲೆ ಅನ್ನೋದು ಇದೇ. 1957ರಲ್ಲಿ ವರ್ನನ್ ಇನ್‌ಗ್ರಮ್ ಅನ್ನೋ ವಿಜ್ಞಾನಿ ಈ ಒಂದು ಬದಲಿಯನ್ನ ಪತ್ತೆ ಹಚ್ಚಿದಾಗ, ಒಂದು ಅಕ್ಷರದ ತಪ್ಪು ಇಡೀ ಬದುಕಿನ ನೋವಾಗಬಹುದು ಅಂತ ಮೊದಲ ಸಲ ಕಣ್ಣಿಗೆ ಕಂಡಿತು.

ಕೆಮಿಸ್ಟ್ರಿಲಿ ಈ ಪದ ಬಂದಿದ್ದೇ ಒಂದು ಜಗಳದ ಜೊತೆ. ಫ್ರಾನ್ಸಿನ ಜಾನ್ ಬ್ಯಾಪ್ಟಿಸ್ಟ್ ದುಮಾ 1830ರ ದಶಕದಲ್ಲಿ ಹೈಡ್ರೋಜನ್ ಜಾಗಕ್ಕೆ ಕ್ಲೋರಿನ್ ಬಂದು ಕೂರಬಹುದು, ಅಣುವಿನ ಹಂದರ ಹಾಗೇ ಉಳಿಯತ್ತೆ ಅಂದ. ಹೈಡ್ರೋಜನ್ ಎಲ್ಲಿ, ಕ್ಲೋರಿನ್ ಎಲ್ಲಿ, ಒಂದು ಪಾಸಿಟಿವ್, ಒಂದು ನೆಗೆಟಿವ್ ಸ್ವಭಾವದ್ದು, ಹೇಗ್ರೀ ಸಾಧ್ಯ ಅಂತ ಸ್ವೀಡನ್ನಿನ ದೊಡ್ಡ ಕೆಮಿಸ್ಟ್ ಬೆರ್ಜೀಲಿಯಸ್ ಒಪ್ಪಲೇ ಇಲ್ಲ. 1840ರಲ್ಲಿ ಜರ್ಮನಿಯ ಕೆಮಿಸ್ಟ್ ಫ್ರೆಡ್ರಿಕ್ ವೋಲರ್ ಸುಳ್ಳು ಹೆಸರಲ್ಲಿ ಒಂದು ಲೇವಡಿ ಪತ್ರ ಬರೆದ, ಒಂದು ಪದಾರ್ಥದ ಎಲ್ಲಾ ಪರಮಾಣುಗಳನ್ನೂ ತೆಗೆದು ಬರೀ ಕ್ಲೋರಿನ್ ತುಂಬಿಸಿದೀನಿ, ಆದ್ರೂ ಅದು ಅದೇ ಪದಾರ್ಥವಾಗಿ ಉಳಿದಿದೆ ಅಂತ. ನಗೋಕೆ ಬರೆದದ್ದು, ಆದ್ರೆ ಪ್ರಶ್ನೆ ಗಂಭೀರವಾದದ್ದೇ, ಎಷ್ಟು ಬದಲಾದ ಮೇಲೆ ಅದು ಅದಲ್ಲ? ದುಮಾ ಹೇಳಿದ್ದು ನಿಜವೂ ಆಯ್ತು, ಅರ್ಧವೂ ಆಯ್ತು. ಅಸಿಟಿಕ್ ಆಸಿಡ್‌ನಲ್ಲಿ ಮೂರು ಹೈಡ್ರೋಜನ್ ತೆಗೆದು ಮೂರು ಕ್ಲೋರಿನ್ ಕೂರಿಸಿದ್ರೆ ಆಸಿಡ್ ಆಸಿಡ್ಡಾಗೇ ಉಳಿಯತ್ತೆ, ಹಂದರ ಅದೇ, ಆದ್ರೆ ಸಾವಿರಾರು ಪಟ್ಟು ಬಲವಾಗಿ ಚರ್ಮ ಸುಡೋ ಆಸಿಡ್ ಆಗತ್ತೆ. ಗುರುಪುತ್ರನ ಮಾತು ಇಲ್ಲಿಗೂ ಕೂರತ್ತೆ ನೋಡಿ.

ಬದಲಿಗೆ ಬದಲಿ, ಅದಕ್ಕೂ ಬದಲಿ ಅಂತ ಹೋದಾಗ ಏನಾಗತ್ತೆ ಅನ್ನೋದಕ್ಕೆ ಫ್ರಿಡ್ಜಿನ ಕಥೆ ಹೇಳ್ಬೇಕು. ಹಳೇ ಫ್ರಿಡ್ಜುಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್ ಇರ್ತಿತ್ತು, ಸೋರಿದ್ರೆ ಜೀವಕ್ಕೇ ಅಪಾಯ. 1928ರಲ್ಲಿ ಥಾಮಸ್ ಮಿಡ್ಗ್ಲಿ ಮತ್ತು ಜೊತೆಗಾರರು ವಿಷವೂ ಅಲ್ಲದ, ಬೆಂಕಿಯೂ ಹತ್ತದ ಸಿಎಫ್‌ಸಿ (ಕ್ಲೋರೋಫ್ಲೋರೋಕಾರ್ಬನ್) ಅನ್ನೋ ಅನಿಲ ತಂದ್ರು, ಎಲ್ಲರೂ ನಿಟ್ಟುಸಿರು ಬಿಟ್ರು. 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಅನ್ನೋ ವಿಜ್ಞಾನಿಗಳು, ಇದು ಎಲ್ಲೂ ಕರಗದೆ ಮೇಲೆ ಹೋಗಿ ಓಝೋನ್ ಪದರ ತಿನ್ನತ್ತೆ ಅಂದ್ರು, 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ತೂತು ಕಂಡಿತು, 1987ರಲ್ಲಿ ಇದನ್ನ ಕಮ್ಮಿ ಮಾಡೋಣ ಅಂತ ದೇಶಗಳ ನಡುವೆ ಮಾಂಟ್ರಿಯಲ್ ಒಪ್ಪಂದ ಆಯ್ತು. ಸಿಎಫ್‌ಸಿ ಬದಲು ಎಚ್‌ಸಿಎಫ್‌ಸಿ, ಅದೂ ಸ್ವಲ್ಪ ತಿನ್ನತ್ತೆ ಅಂತ ಅದರ ಬದಲು ಎಚ್‌ಎಫ್‌ಸಿ, ಅದು ಓಝೋನ್ ಮುಟ್ಟಲ್ಲ ಆದ್ರೆ ಭೂಮಿ ಬಿಸಿ ಮಾಡೋದ್ರಲ್ಲಿ ಅದರ ಒಂದು ಸಾಮಾನ್ಯ ನಮೂನೆ ಇಂಗಾಲದ ಡೈಆಕ್ಸೈಡ್‌ಗಿಂತ ನೂರು ವರ್ಷದ ಲೆಕ್ಕದಲ್ಲಿ ಸಾವಿರ ಪಟ್ಟಿಗೂ ಹೆಚ್ಚು. 2016ರಲ್ಲಿ ರುವಾಂಡಾದ ಕಿಗಾಲಿಲಿ ಅದನ್ನೂ ಕಮ್ಮಿ ಮಾಡೋಣ ಅಂತ ಒಪ್ಪಂದ ಆಯ್ತು. ಈಗ ಏನು ಬಳಸ್ತಿದಾರೆ ಅಂದ್ರೆ ಐಸೋಬ್ಯೂಟೇನ್, ಕಾರ್ಬನ್ ಡೈಆಕ್ಸೈಡ್, ಮತ್ತೆ ದೊಡ್ಡ ಘಟಕಗಳಲ್ಲಿ ಅದೇ ಅಮೋನಿಯಾ.

ಇಲ್ಲಿ ಒಂದೊಂದು ಸಲವೂ ಹಿಂದಿನದರ ಒಂದು ದೋಷ ಹಿಡ್ಕೊಂಡು, ಆ ದೋಷ ಇಲ್ಲದ, ಉಳಿದಂತೆ ಅದರ ಥರಾನೇ ಇರೋದನ್ನ ಹುಡುಕಿದ್ರು. ವೇದದ ಯಜ್ಞವಿಧಿಗಳನ್ನ ಬಿಡಿಸಿ ಹೇಳೋ ಪೂರ್ವಮೀಮಾಂಸೆಯವರು ಇಂಥದ್ದನ್ನ ಯಜ್ಞದ ಸಾಮಗ್ರಿ ವಿಷಯದಲ್ಲಿ ಕೂತು ಚರ್ಚೆ ಮಾಡಿದಾರೆ. ಹೇಳಿದ ದ್ರವ್ಯ ಸಿಗದಿದ್ರೆ ಅದನ್ನ ಹೋಲೋ ಪ್ರತಿನಿಧಿ ತಗೋಬಹುದು. ಆ ಪ್ರತಿನಿಧಿನೂ ಕೈಬಿಟ್ಟು ಹೋದ್ರೆ? ಆಗ ಪ್ರತಿನಿಧಿಯನ್ನ ಹೋಲೋದನ್ನ ಹುಡುಕಬಾರದು, ಮತ್ತೆ ಮೂಲವನ್ನೇ ನೋಡಿ ಅದನ್ನ ಹೋಲೋದು ತರಬೇಕು ಅಂತಾರೆ. ನಕಲಿನ ನಕಲು ತೆಗೆದ್ರೆ ಅಕ್ಷರ ಮಸುಕಾಗತ್ತಲ್ಲ, ಹಾಗೆ. ದೇವತೆಗೆ, ಮಂತ್ರಕ್ಕೆ ಮಾತ್ರ ಪ್ರತಿನಿಧಿಯೇ ಇಲ್ಲ ಅಂತಲೂ ಹೇಳಿದಾರೆ, ಸಾಮಾನು ಬದಲಾಗಬಹುದು, ಯಾರಿಗೆ ಅನ್ನೋದು ಬದಲಾಗಬಾರದು ಅಂತ.

ಎಕನಾಮಿಕ್ಸ್‌ದು ಬೇಗ ಹೇಳಿ ಮುಗಿಸ್ತೀನಿ. ಬಸ್ ಚಾರ್ಜ್ ಏರಿದಾಗ ರೈಲು ಹತ್ತೋರು ಜಾಸ್ತಿ ಆದ್ರೆ ಅವೆರಡು ಒಂದಕ್ಕೊಂದು ಬದಲಿ. ಎಡಗಾಲಿನ ಚಪ್ಪಲಿಗೆ ಬಲಗಾಲಿನದು ಬದಲಿ ಅಲ್ಲ, ಜೊತೆ. ಇನ್ನು ಕಾನೂನಿನೋರು ಮಾಡೋ ಒಂದು ಭೇದ ಚೆನ್ನಾಗಿದೆ, ರೋಮನ್ ಕಾಲದಿಂದ ಬಂದದ್ದು. ಸಾಲ ಕೊಟ್ಟ ನೋಟನ್ನೇ ಯಾರೂ ವಾಪಸ್ ಕೇಳಲ್ಲ, ಅಷ್ಟೇ ಬೆಲೆಯ ಯಾವ ನೋಟಾದ್ರೂ ಸರಿ. ಆದ್ರೆ ಒಂದು ದಿನಕ್ಕೆ ಅಂತ ತಗೊಂಡ ಸೈಕಲ್‌ಗೆ ಬದಲಾಗಿ ಅದೇ ಕಂಪನಿಯ ಹೊಸ ಸೈಕಲ್ ಕೊಟ್ರೂ ಅದು ಸೈಕಲ್ ಕೊಟ್ಟಿದ್ದವರ ಸೈಕಲ್ ಅಲ್ಲ. ನೋಟು ಪೂರ್ತಿ ಜಾಗವೇ, ಅದಕ್ಕೆ ಸ್ವಂತದ್ದು ಅಂತ ಏನೂ ಇಲ್ಲ. ಸೈಕಲ್‌ಗೆ ಇದೆ.

ಆಟದಲ್ಲಿ ಇದನ್ನ ಕ್ರಿಕೆಟ್‌ನೋರಷ್ಟು ಯೋಚಿಸಿ ಬರೆದೋರು ಕಮ್ಮಿ. ಗಾಯ ಆದವನ ಬದಲು ಬರೋ ಫೀಲ್ಡರ್ ಕ್ಯಾಚ್ ಹಿಡೀಬಹುದು, ಬೌಲಿಂಗ್ ಮಾಡೋ ಹಾಗಿಲ್ಲ, ಕ್ಯಾಪ್ಟನ್ ಆಗೋ ಹಾಗಿಲ್ಲ, ಬ್ಯಾಟಿಂಗೂ ಇಲ್ಲ. 2017ರಿಂದ ಅಂಪೈರ್ ಒಪ್ಪಿದ್ರೆ ವಿಕೆಟ್ ಕೀಪಿಂಗ್ ಮಾಡಬಹುದು. ಯಾವ ಕೆಲಸಕ್ಕೆ ಬದಲಿ, ಯಾವುದಕ್ಕಲ್ಲ ಅಂತ ಬಿಡಿಸಿ ಬರೆದಿಟ್ಟಿದಾರೆ. ಆಮೇಲೆ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ತಲೆಗೆ ಪೆಟ್ಟು ಬಿದ್ದವರಿಗೆ ಮಾತ್ರ ಪೂರ್ತಿ ಬದಲಿ ಕೊಡೋ ನಿಯಮ 2019ರಲ್ಲಿ ಬಂತು, ಅದೂ ಅದೇ ಥರದ ಆಟಗಾರ ಇರಬೇಕು ಅಂತ. ಆ ಆಗಸ್ಟ್‌ನಲ್ಲಿ ಲಾರ್ಡ್ಸ್‌ನಲ್ಲಿ ಸ್ಟೀವ್ ಸ್ಮಿತ್ ಜಾಗಕ್ಕೆ ಲಬುಶೇನ್ ಬಂದು 59 ಹೊಡೆದ, ಟೆಸ್ಟ್‌ನಲ್ಲಿ ಹಾಗೆ ಬಂದ ಮೊದಲಿಗ ಅವನೇ. ಸ್ಮಿತ್ ಇಲ್ಲದ ಜಾಗದಲ್ಲಿ ನಿಂತು ಸ್ಮಿತ್ ಥರ ಆಡ್ಲಿಲ್ಲ, ಲಬುಶೇನ್ ಥರ ಆಡ್ದ, ಅದಾದ ಮೇಲೆ ತನ್ನದೇ ಜಾಗ ಮಾಡ್ಕೊಂಡ.

ಇನ್ನೊಂದು ಬದಲಿ ನಮ್ಮ ತಲೆಯೊಳಗೇ ನಡೆಯತ್ತೆ, ನನಗೆ ಹೆಚ್ಚು ಚಿಂತೆ ಕೊಡೋದು ಅದೇ. ಕಷ್ಟದ ಪ್ರಶ್ನೆ ಬಂದಾಗ ಮನಸ್ಸು ಗೊತ್ತಾಗದ ಹಾಗೆ ಅದರ ಜಾಗಕ್ಕೆ ಸುಲಭದ ಪ್ರಶ್ನೆ ಇಟ್ಟು ಅದಕ್ಕೆ ಉತ್ತರ ಕೊಡತ್ತೆ ಅಂತ ಡೇನಿಯಲ್ ಕಾನೆಮನ್, ಶೇನ್ ಫ್ರೆಡ್ರಿಕ್ ಅನ್ನೋ ಮನಶ್ಶಾಸ್ತ್ರಜ್ಞರು 2002ರಲ್ಲಿ ಬರೆದ್ರು. "ಈ ವ್ಯಕ್ತಿ ಈ ಕೆಲಸಕ್ಕೆ ಸರಿನಾ" ಅನ್ನೋದಕ್ಕೆ ಬದಲು "ಇವನು ಚೆನ್ನಾಗಿ ಮಾತಾಡ್ತಾನಾ". 1980ರ ದಶಕದ ಕೊನೇಲಿ ಹೃದಯಾಘಾತ ಆದ ರೋಗಿಗಳಿಗೆ ಎದೆಬಡಿತದ ಏರುಪೇರು ನಿಲ್ಲಿಸೋ ಎರಡು ಔಷಧಿ ಕೊಟ್ಟು ಪರೀಕ್ಷೆ ಮಾಡಿದ್ರು, ಎನ್‌ಕೈನೈಡ್, ಫ್ಲೆಕೈನೈಡ್ ಅಂತ. ಏರುಪೇರು ನಿಂತಿತು, ಇಸಿಜಿ ಚೆಂದ ಬಂತು, ಆದ್ರೆ ಔಷಧಿ ತಗೊಳ್ಳದ ಗುಂಪಿಗಿಂತ ತಗೊಂಡ ಗುಂಪಲ್ಲೇ ಹೆಚ್ಚು ಜನ ಸತ್ರು, ಪರೀಕ್ಷೆನೇ ನಡುವೆ ನಿಲ್ಲಿಸಬೇಕಾಯ್ತು. ಬದುಕೋದು ಅನ್ನೋ ಜಾಗಕ್ಕೆ ಇಸಿಜಿ ಅನ್ನೋದನ್ನ ಕೂರಿಸಿದ್ರು, ಅದು ಆ ಜಾಗದ್ದಾಗಿರಲಿಲ್ಲ. ನಾವು ಮೇಷ್ಟ್ರುಗಳು ಕಲಿಕೆಯ ಜಾಗಕ್ಕೆ ಮಾರ್ಕ್ಸ್ ಕೂರಿಸಿ ಎಷ್ಟು ವರ್ಷ ಆಯ್ತು, ನನಗೆ ಇದನ್ನ ಓದಿದಾಗಲೆಲ್ಲ ನನ್ನ ಕ್ಲಾಸಿನ ಮಕ್ಕಳ ಮುಖಗಳೇ ಕಣ್ಮುಂದೆ ಬರತ್ತೆ.

ಈಗ ನಿಮ್ಮ ಕೊನೇ ಪ್ರಶ್ನೆ.

1950ರ ದಶಕದಲ್ಲಿ ಹ್ಯಾರಿ ಹಾರ್ಲೋ ಅನ್ನೋ ಮನಶ್ಶಾಸ್ತ್ರಜ್ಞ ಕೋತಿಮರಿಗಳನ್ನ ತಾಯಿಂದ ಬೇರೆ ಮಾಡಿ ಎರಡು ಬದಲಿ ಅಮ್ಮಂದಿರನ್ನ ಇಟ್ಟ, ಒಂದು ಬರೀ ತಂತಿದು, ಇನ್ನೊಂದಕ್ಕೆ ಮೆತ್ತನೆ ಬಟ್ಟೆ ಸುತ್ತಿದ್ದು. ಹಾಲಿನ ಬಾಟ್ಲಿ ತಂತಿ ಅಮ್ಮನ ಹತ್ರ ಇದ್ರೂ ಮರಿಗಳು ಹಾಲು ಕುಡಿದು ಓಡಿಬಂದು ದಿನದ ಹೆಚ್ಚು ಹೊತ್ತು ಬಟ್ಟೆಗೇ ಅಪ್ಪಿಕೊಂಡಿರ್ತಿದ್ವು. ತಾಯಿ ಕೆಲಸ ಹಾಲು ಕೊಡೋದು ಅಂತ ತಿಳಿದಿದ್ದವರಿಗೆ ಅಪ್ಪುಗೆ ಅನ್ನೋ ಕೆಲಸ ಅವತ್ತು ಕಂಡಿತು. ಅಲ್ಲಿಗೂ ಮುಗಿಲಿಲ್ಲ, ಬಟ್ಟೆ ಅಮ್ಮನ ಜೊತೆ ಒಂಟಿಯಾಗಿ ಬೆಳೆದ ಮರಿಗಳು ದೊಡ್ಡವಾದ ಮೇಲೆ ಬೇರೆ ಕೋತಿಗಳ ಜೊತೆ ಬಾಳೋಕೆ ಬರದೆ ಒದ್ದಾಡಿದ್ವು. ಹಾಲು, ಬೆಚ್ಚಗೆ ಎರಡೂ ಸಿಕ್ಕಿತ್ತು, ತಿರುಗಿ ಸ್ಪಂದಿಸೋ ಜೀವ ಸಿಕ್ಕಿರಲಿಲ್ಲ. ಆ ಪ್ರಯೋಗ ಕ್ರೂರ, ಓದೋಕೂ ಸಂಕಟ ಆಗತ್ತೆ, ಆದ್ರೆ ಒಂದೊಂದೇ ಕೆಲಸ ಬಯಲಾದ ರೀತಿ ನೋಡಿ.

ಅದಕ್ಕೇ "ನೀನಿಲ್ದಿದ್ರೆ ಇನ್ನೊಬ್ಬ" ಅನ್ನೋ ಮಾತು, ಬರೆದಿಟ್ಟ ಕೆಲಸದ ಮಟ್ಟಿಗೆ ನಿಜ. ನಿಮ್ಮ ಕುರ್ಚಿಗೆ ಇನ್ನೊಬ್ಬರು ಬರ್ತಾರೆ, ಫೈಲು ಮುಂದೆ ಹೋಗತ್ತೆ, ಹೋಗಲೂಬೇಕು, ಇಲ್ದಿದ್ರೆ ಯಾರೂ ರಜೆ ಹಾಕೋ ಹಾಗಿಲ್ಲ, ಕಾಯಿಲೆ ಬೀಳೋ ಹಾಗಿಲ್ಲ. ಆದ್ರೆ ಅದನ್ನ ಹೇಳಿದವರು ನೀವು ಮಾಡೋದ್ರಲ್ಲಿ ಬರೆದಿಟ್ಟ ಭಾಗವನ್ನ ಮಾತ್ರ ನೋಡಿದಾರೆ. ಮನುಷ್ಯರನ್ನ ನೋಟಿನ ಥರ ಎಣಿಸೋ ಮಾತು ಅದು. ಅದನ್ನ ನೀವು ನಂಬಬೇಡಿ.

ಒಂದು ವರ್ಷ ನಮ್ಮ ಸಹೋದ್ಯೋಗಿ ಒಬ್ಬರಿಗೆ ಆಕ್ಸಿಡೆಂಟ್ ಆಗಿ ನಾಲ್ಕು ತಿಂಗಳು ಅವರ ಕ್ಲಾಸ್ ನಾನು ತಗೊಂಡೆ. ಅವರ ನೋಟ್ಸು, ಅವರ ಪ್ಲಾನು, ಪೋರ್ಷನ್ ಟೈಮಿಗೆ ಸರಿಯಾಗಿ ಹೋಗ್ತಿತ್ತು, ಟೆಸ್ಟಿನ ಮಾರ್ಕ್ಸೂ ಕಮ್ಮಿ ಆಗ್ಲಿಲ್ಲ. ಆದ್ರೆ ಹಿಂದಿನ ಬೆಂಚಿನ ಒಬ್ಬ ಹುಡುಗ ಪುಸ್ತಕದ ಮೇಲೆ ಕೈ ಅಡ್ಡ ಇಟ್ಕೊಂಡು ಕೂರೋಕೆ ಶುರು ಮಾಡಿದ್ದ. ಎರಡು ವಾರ ಆದ ಮೇಲೆ ಕರೆದು ಕೇಳಿದೆ. ತುಂಬ ಹೊತ್ತು ಏನೂ ಹೇಳ್ಲಿಲ್ಲ, ಆಮೇಲೆ ಹೇಳ್ದ, ಆ ಸರ್ ಬೆಂಚುಗಳ ನಡುವೆ ಓಡಾಡ್ತಾ ತಪ್ಪಿರೋ ಸಾಲಿನ ಮೇಲೆ ಬೆರಳಿಟ್ಟು ಏನೂ ಮಾತಾಡದೆ ಮುಂದೆ ಹೋಗ್ತಿದ್ರು, ನೀವು ಜೋರಾಗಿ ಹೇಳ್ತೀರ ಅಂತ. ಆ ಬೆರಳು ಯಾವ ಪ್ಲಾನಲ್ಲೂ ಬರೆದಿರಲಿಲ್ಲ. ಅವತ್ತಿಂದ ನಾನೂ ಬಾಯಿ ಮುಚ್ಚಿ ಬೆರಳಿಡೋಕೆ ಶುರು ಮಾಡಿದೆ, ನಾಲ್ಕೈದು ದಿನಕ್ಕೆ ಆ ಹುಡುಗನ ಕೈ ಪುಸ್ತಕದ ಮೇಲಿಂದ ಸರಿಯಿತು. ಪೂರ್ತಿ ಅಲ್ಲ, ಅರ್ಧ.

ಸಂಸ್ಕೃತ ವ್ಯಾಕರಣ ಕಲಿಯೋರು ಹೇಳೋ ಒಂದು ಮಾತಿದೆ, ಆದೇಶ ಶತ್ರುವಿನ ಹಾಗೆ, ಆಗಮ ಮಿತ್ರನ ಹಾಗೆ ಅಂತ. ಆದೇಶ ಇದ್ದವನನ್ನ ಎಬ್ಬಿಸಿ ಕೂರತ್ತೆ, ಆಗಮ ಪಕ್ಕದಲ್ಲಿ ಬಂದು ಕೂರತ್ತೆ. ಮನೆ ಅನ್ನು ಸೇರಿ ಮನೆಯನ್ನು ಆದಾಗ ಯಾರೂ ಎದ್ದುಹೋಗಲ್ಲ, ನಡುವೆ ಒಂದು ಯ ಬಂದು ಕೂತಿರತ್ತೆ ಅಷ್ಟೇ. ಆ ನಾಲ್ಕು ತಿಂಗಳಲ್ಲಿ ನಾನು ಕ್ಲಾಸಿನ ಕೊನೇ ಐದು ನಿಮಿಷ ಮಕ್ಕಳೇ ಲೆಕ್ಕ ಕಟ್ಟಿ ಬೋರ್ಡ್ ಮೇಲೆ ನನಗೆ ಕೊಡೋದು ಅಂತ ಒಂದು ರೂಢಿ ಮಾಡಿದ್ದೆ. ಆ ಸರ್ ಊರುಗೋಲು ಹಿಡ್ಕೊಂಡು ವಾಪಸ್ ಬಂದ ಮೊದಲ ದಿನ ನಾನು ಪಕ್ಕದ ರೂಮಲ್ಲಿ ಪಾಠ ಮಾಡ್ತಿದ್ದೆ, ಬೆಲ್ಲಿಗೆ ಐದು ನಿಮಿಷ ಇದ್ದಾಗ ಗೋಡೆ ಆಚೆಯಿಂದ ಚಾಕ್‌ಪೀಸ್ ಸದ್ದು, ಹಿಂದೇ ಅವರ ದನಿ ಕೇಳಿಸಿತು, "ಸರಿ, ಇವತ್ತು ಯಾರು ಕೊಡ್ತೀರ ನನಗೆ ಲೆಕ್ಕ?"